ಯಂತ್ರವನ್ನು ನಂಬು ಎನ್ನುವವರು ಕಾರ್ಮಿಕನನ್ನು ನಂಬುವರೇ?

ಕೃತಕ ಬುದ್ಧಿಮತ್ತೆ ಬಂದರೆ ಉದ್ಯೋಗಗಳು ಉಳಿಯುತ್ತವೆಯೇ, ಹೋಗುತ್ತವೆಯೇ ಎಂಬ ಚರ್ಚೆ ನಮ್ಮಲ್ಲಿ ಬೇಕಾದಷ್ಟು ನಡೆದಿದೆ. ಉದ್ಯೋಗ ಉಳಿದವರ ಪಾಡೇನು ಎಂಬ ಚರ್ಚೆ ಮಾತ್ರ ಅಷ್ಟಾಗಿ ನಡೆದಿಲ್ಲ. ನಾಳೆಯೂ ಕೆಲಸಕ್ಕೆ ಹೋಗುವವನ ಪಕ್ಕದಲ್ಲಿ ಈಗ ಒಂದು ಯಂತ್ರವಿರುತ್ತದೆ. ಅದು ಎಕ್ಸ್‌ರೇ ನೋಡಿ ರೋಗ ಹೇಳುತ್ತದೆ. ಅರ್ಜಿಗಳನ್ನು ಓದಿ ಯಾರನ್ನು ಸಂದರ್ಶನಕ್ಕೆ ಕರೆಯಬೇಕೆಂದು ಸೂಚಿಸುತ್ತದೆ. ಸಿಟ್ಟಿಗೆದ್ದ ಗ್ರಾಹಕನಿಗೆ ಏನು ಉತ್ತರಿಸಬೇಕೆಂದು ಪರದೆಯ ಮೇಲೆ ಬರೆದು ತೋರಿಸುತ್ತದೆ. ಅದರ ಮಾತನ್ನು ಅವನು ಎಷ್ಟರಮಟ್ಟಿಗೆ ಕೇಳಬೇಕು? ಯಾವಾಗ ಕೇಳಬಾರದು? ಕೇಳಿ ತಪ್ಪಾದರೆ ಹೊಣೆ ಯಾರದು? ಕೇಳದೆ ತಪ್ಪಾದರೆ ಯಾರದು?

ಕೆಲವು ವರ್ಷಗಳಿಂದ ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಈ ಪ್ರಶ್ನೆಗಳ ಮೇಲೆ ಪಿಎಚ್.ಡಿ. ಸಂಶೋಧನೆಗಳು ನಡೆಯುತ್ತಿವೆ. ಯುವ ಸಂಶೋಧಕರು ಆಸ್ಪತ್ರೆ, ಕಚೇರಿ, ಕಾಲ್ ಸೆಂಟರ್‌ಗಳಿಗೆ ಹೋಗಿ ಅಲ್ಲಿ ಕೆಲಸ ಮಾಡುವವರನ್ನು ಗಮನಿಸಿ, ಮಾತನಾಡಿಸಿ, ಪ್ರಯೋಗಗಳನ್ನು ನಡೆಸಿ ಪ್ರಬಂಧ ಬರೆಯುತ್ತಿದ್ದಾರೆ. ಕಾರ್ಮಿಕನಿಗೂ ಕೃತಕ ಬುದ್ಧಿಮತ್ತೆಗೂ ನಡುವೆ ನಂಬಿಕೆ ಬೆಳೆಯುವುದು ಹೇಗೆ, ಇಬ್ಬರೂ ಸಹಕರಿಸಿ ದುಡಿಯುವುದು ಹೇಗೆ ಎಂಬುದು ಅವರ ವಿಷಯ. ಅವರ ಶ್ರಮದಿಂದ ನಮಗೆ ತಿಳಿದು ಬಂದಿರುವುದು ಕಡಿಮೆಯೇನಲ್ಲ. ಆದರೆ ಈ ವಿಷಯದೊಳಗೇ ಒಂದು ನೈತಿಕ ಪ್ರಶ್ನೆ ಅಡಗಿದೆ. ಯಂತ್ರದ ಜೊತೆ ನಾವಿಟ್ಟುಕೊಳ್ಳುವ ಸಂಬಂಧವನ್ನು ನಂಬಿಕೆ ಎಂದು ಕರೆಯುವುದು ಸರಿಯೇ? ನಂಬಿಕೆ ಎನ್ನುವುದು ನಿಜವಾಗಿ ಯಾರ ಯಾರ ನಡುವೆ ಇರಬೇಕು?

ಕೈಕೊಡುವುದು ಬೇರೆ, ದ್ರೋಹ ಬೇರೆ

ನಮ್ಮ ಆಡುಮಾತನ್ನೇ ಗಮನಿಸಿ. ದಾರಿಯಲ್ಲಿ ಬೈಕ್ ನಿಂತುಹೋದರೆ ‘ಬೈಕ್ ಕೈಕೊಟ್ಟಿತು’ ಎನ್ನುತ್ತೇವೆ. ಮಳೆ ಬಾರದಿದ್ದರೂ ‘ಮಳೆ ಕೈಕೊಟ್ಟಿತು’ ಎನ್ನುತ್ತೇವೆ. ಆದರೆ ಬೈಕ್ ನಂಬಿಕೆದ್ರೋಹ ಮಾಡಿತೆಂದು ಯಾರೂ ಹೇಳುವುದಿಲ್ಲ. ಆ ಮಾತನ್ನು ನಾವು ಮನುಷ್ಯರಿಗಾಗಿ ಉಳಿಸಿಕೊಂಡಿದ್ದೇವೆ. ಯಾಕೆಂದರೆ ದ್ರೋಹ ಬಗೆಯಲು ಮೊದಲು ಮಾತು ಕೊಟ್ಟಿರಬೇಕು. ಎದುರಿನವನಿಗೆ ನೋವಾಗುತ್ತದೆಂಬ ಅರಿವಿರಬೇಕು. ನಾಳೆ ಅವನ ಮುಖ ನೋಡುವಾಗ ತಲೆ ತಗ್ಗಿಸಬೇಕಾದ ಸ್ಥಿತಿ ಬರಬೇಕು.

ತತ್ವಜ್ಞಾನಿ ಆ್ಯನೆಟ್ ಬೇಯರ್ 1986ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ ಈ ವ್ಯತ್ಯಾಸವನ್ನೇ ಎತ್ತಿ ತೋರಿಸಿದ್ದರು. ಏನನ್ನಾದರೂ ನೆಚ್ಚಿಕೊಂಡಿದ್ದು ಅದು ತಪ್ಪಿದರೆ ನಮಗೆ ನಿರಾಶೆಯಾಗುತ್ತದೆ. ಒಬ್ಬರನ್ನು ನಂಬಿ ಅವರು ಕೈಬಿಟ್ಟರೆ ನಾವು ಮೋಸಹೋಗುತ್ತೇವೆ. ನೆಚ್ಚಿಕೆಗೆ ಎದುರಿನ ವಸ್ತು ಸರಿಯಾಗಿ ಕೆಲಸ ಮಾಡಿದರೆ ಸಾಕು. ನಂಬಿಕೆಗೆ ಎದುರಿನವರ ಸದ್ಭಾವ ಬೇಕು.

ಆಡಳಿತಶಾಸ್ತ್ರದ ವಿದ್ವಾಂಸರಾದ ಮೇಯರ್, ಡೇವಿಸ್ ಮತ್ತು ಶೂರ್ಮನ್ 1995ರಲ್ಲಿ ಕೊಟ್ಟ ವಿವರಣೆಯನ್ನು ಈ ಕ್ಷೇತ್ರದ ಸಂಶೋಧಕರು ಇಂದಿಗೂ ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಅವರ ಪ್ರಕಾರ, ಇನ್ನೊಬ್ಬರ ನಡೆಯಿಂದ ನನಗೆ ಹಾನಿಯಾಗಬಹುದೆಂದು ತಿಳಿದೂ ಅದಕ್ಕೆ ನನ್ನನ್ನು ಒಡ್ಡಿಕೊಳ್ಳಲು ಸಿದ್ಧನಾಗುವುದೇ ನಂಬಿಕೆ. ಹಾಗೆ ಸಿದ್ಧನಾಗುವ ಮುನ್ನ ನಾನು ಮೂರು ಸಂಗತಿಗಳನ್ನು ನೋಡುತ್ತೇನೆ: ಆತನಿಗೆ ಸಾಮರ್ಥ್ಯವಿದೆಯೇ, ನನ್ನ ಹಿತ ಬಯಸುತ್ತಾನೆಯೇ, ನುಡಿದಂತೆ ನಡೆಯುತ್ತಾನೆಯೇ. ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಕೀಲಿಕೈ ಕೊಡುವಾಗ ನಾವು ಅರಿವಿಲ್ಲದೆ ಮಾಡುವ ಲೆಕ್ಕವೂ ಇದೇ.

ಕೃತಕ ಬುದ್ಧಿಮತ್ತೆಯನ್ನು ಈ ಮೂರರ ಎದುರು ನಿಲ್ಲಿಸಿ ನೋಡಿ. ಸಾಮರ್ಥ್ಯ ಇದೆ, ಕೆಲವು ಕೆಲಸಗಳಲ್ಲಿ ಮನುಷ್ಯನಿಗಿಂತ ಮಿಗಿಲಾಗಿಯೇ ಇದೆ. ಇನ್ನೆರಡನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಅದು ನನ್ನ ಹಿತವನ್ನೂ ಬಯಸದು, ಅಹಿತವನ್ನೂ ಬಯಸದು. ಆದರೆ ಅದನ್ನು ತಯಾರಿಸಿದವನಿಗೆ, ಕೊಂಡು ತಂದವನಿಗೆ, ಇದರ ಮಾತಿನಂತೆ ಕೆಲಸ ಮಾಡು ಎಂದು ಆಜ್ಞಾಪಿಸಿದವನಿಗೆ ಹಿತಾಸಕ್ತಿಗಳಿವೆ. ಆದ್ದರಿಂದ ‘ನೀನು ಯಂತ್ರವನ್ನು ನಂಬುವೆಯಾ?’ ಎಂದು ಕಾರ್ಮಿಕನನ್ನು ಕೇಳಿದರೆ ಪ್ರಶ್ನೆ ಅರ್ಧಕ್ಕೇ ನಿಲ್ಲುತ್ತದೆ. ಯಂತ್ರದ ಹಿಂದೆ ನಿಂತಿರುವ ಮನುಷ್ಯರನ್ನು ಅವನು ನಂಬಬಹುದೇ, ಅವರು ಅವನನ್ನು ನಂಬುತ್ತಾರೆಯೇ ಎಂಬುದು ಉಳಿದರ್ಧ.

ಹೆಚ್ಚಾದರೂ ಕೆಡುಕು, ಕಡಿಮೆಯಾದರೂ ಕೆಡುಕು

ಮೊದಲು ಆ ಅರ್ಧ ಪ್ರಶ್ನೆಯನ್ನೇ ನೋಡೋಣ. ಯಂತ್ರವನ್ನು ಎಷ್ಟು ನೆಚ್ಚಬೇಕು? ವಿಮಾನ, ಕಾರ್ಖಾನೆ, ವಿದ್ಯುತ್ ಸ್ಥಾವರಗಳಲ್ಲಿ ಸ್ವಯಂಚಾಲಿತ ವ್ಯವಸ್ಥೆಗಳು ಬಂದ ಕಾಲದಿಂದಲೂ ತಜ್ಞರು ಎರಡು ಅಪಾಯಗಳನ್ನು ಗುರುತಿಸುತ್ತಾ ಬಂದಿದ್ದಾರೆ. ಅರ್ಹತೆಗಿಂತ ಹೆಚ್ಚು ನೆಚ್ಚಿದರೆ ಯಂತ್ರದ ತಪ್ಪು ಮನುಷ್ಯನ ತಪ್ಪಾಗುತ್ತದೆ. ಅರ್ಹತೆಗಿಂತ ಕಡಿಮೆ ನೆಚ್ಚಿದರೆ ಸಿಗಬೇಕಾದ ನೆರವು ವ್ಯರ್ಥವಾಗುತ್ತದೆ. ಜಾನ್ ಲೀ ಮತ್ತು ಕತ್ರಿನಾ ಸೀ ಎಂಬ ಸಂಶೋಧಕರು 2004ರಲ್ಲಿ ಹೇಳಿದ ಸೂತ್ರ ಸರಳವಾಗಿದೆ: ಗುರಿ ಇರಬೇಕಾದದ್ದು ಹೆಚ್ಚು ನಂಬಿಕೆಯ ಕಡೆಗಲ್ಲ, ತಕ್ಕ ನಂಬಿಕೆಯ ಕಡೆಗೆ.

ತಕ್ಕಷ್ಟೇ ನಂಬುವುದು ಹೇಳಿದಷ್ಟು ಸುಲಭವಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಫ್ಯಾಬ್ರಿಜಿಯೋ ಡೆಲ್ಲಾಕ್ವಾ ಎಂಬ ಸಂಶೋಧಕ 181 ಮಂದಿ ನೇಮಕಾತಿ ವೃತ್ತಿಪರರ ಮೇಲೆ ಒಂದು ಪ್ರಯೋಗ ನಡೆಸಿದರು. ಉದ್ಯೋಗಾಕಾಂಕ್ಷಿಗಳ ಅರ್ಜಿಗಳನ್ನು ಅಳೆಯುವ ಕೆಲಸಕ್ಕೆ ಕೆಲವರಿಗೆ ಉತ್ತಮ ಗುಣಮಟ್ಟದ ಕೃತಕ ಬುದ್ಧಿಮತ್ತೆಯ ನೆರವು ಕೊಟ್ಟರು, ಇನ್ನು ಕೆಲವರಿಗೆ ಸ್ವಲ್ಪ ಕಳಪೆಯಾದದ್ದನ್ನು ಕೊಟ್ಟರು. ಯಾರ ಫಲಿತಾಂಶ ಚೆನ್ನಾಗಿರಬೇಕಿತ್ತು? ಉತ್ತಮ ಯಂತ್ರ ಪಡೆದವರದು ಎಂದು ನಾವು ಭಾವಿಸುತ್ತೇವೆ. ಆದದ್ದು ತಿರುವುಮುರುವು. ಯಂತ್ರ ಚೆನ್ನಾಗಿದೆ ಎಂದು ತಿಳಿದವರು ಗಮನ ಸಡಿಲಿಸಿದರು, ಕಡಿಮೆ ಸಮಯ ಕೊಟ್ಟರು, ಅದು ಹೇಳಿದ್ದಕ್ಕೆ ಹೂಂಗುಟ್ಟಿದರು. ಯಂತ್ರ ಅಷ್ಟಕ್ಕಷ್ಟೇ ಎಂದು ತಿಳಿದವರು ತಮ್ಮ ತಲೆಯನ್ನೂ ಓಡಿಸಿದರು, ಹೆಚ್ಚು ಸರಿಯಾಗಿ ನಿರ್ಧರಿಸಿದರು. ಸ್ಟಿಯರಿಂಗ್ ಹಿಡಿದೇ ನಿದ್ದೆಹೋಗುವ ಚಾಲಕನಿಗೆ ಅವರನ್ನು ಹೋಲಿಸಲಾಗಿದೆ.

ಇನ್ನೊಂದು ಸಂಶೋಧನೆ ಆಸ್ಪತ್ರೆಯದು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ಸಾರಾ ಲೆಬೊವಿಟ್ಸ್, ಅಮೆರಿಕದ ಒಂದು ದೊಡ್ಡ ಆಸ್ಪತ್ರೆಯ ರೇಡಿಯಾಲಜಿ ತಜ್ಞರು ಕೆಲಸ ಮಾಡುವುದನ್ನು ಹತ್ತಿರದಿಂದ ಗಮನಿಸಿದರು. ಸಹ ಲೇಖಕಿಯರ ಜೊತೆ ಅವರು ಬರೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸ್ತನದ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೂಳೆಯ ವಯಸ್ಸು ಅಳೆಯುವ ಮೂರು ವಿಭಾಗಗಳಲ್ಲಿ ಕೃತಕ ಬುದ್ಧಿಮತ್ತೆಯ ಉಪಕರಣಗಳಿದ್ದವು. ವೈದ್ಯರ ಅಭಿಪ್ರಾಯಕ್ಕೂ ಯಂತ್ರದ ಅಭಿಪ್ರಾಯಕ್ಕೂ ಭಿನ್ನತೆ ಬಂದಾಗ ಯಂತ್ರ ತನ್ನ ಕಾರಣ ಹೇಳುತ್ತಿರಲಿಲ್ಲ. ಎರಡು ವಿಭಾಗಗಳ ವೈದ್ಯರು ಅದರ ಮಾತನ್ನು ಒಂದೋ ಹಾಗೆಯೇ ಒಪ್ಪುತ್ತಿದ್ದರು, ಇಲ್ಲವೇ ಹಾಗೆಯೇ ತಳ್ಳಿಹಾಕುತ್ತಿದ್ದರು. ಶ್ವಾಸಕೋಶದ ವಿಭಾಗದಲ್ಲಿ ಮಾತ್ರ ನಿಜವಾದ ಸಹಕಾರ ಕಂಡುಬಂತು. ಅಲ್ಲಿಯ ವೈದ್ಯರು ಮೊದಲು ತಾವೇ ಚಿತ್ರ ನೋಡಿ ಒಂದು ಅಭಿಪ್ರಾಯಕ್ಕೆ ಬರುತ್ತಿದ್ದರು. ಆಮೇಲೆ ಯಂತ್ರ ಹೇಳಿದ್ದನ್ನು ನೋಡಿ, ಭಿನ್ನವಾಗಿದ್ದರೆ ಮರಳಿ ಚಿತ್ರಕ್ಕೆ ಹೋಗಿ, ಅದಕ್ಕೆ ಹಾಗೇಕೆ ಕಂಡಿರಬಹುದೆಂದು ಕೆದಕಿ ನೋಡುತ್ತಿದ್ದರು. ಇದರಿಂದ ಅವರ ಸಮಯ ಉಳಿಯಲಿಲ್ಲ, ಹೆಚ್ಚು ಸಮಯವೇ ಹಿಡಿಯಿತು.

ಈ ಎರಡು ಸಂಶೋಧನೆಗಳನ್ನು ಜೊತೆಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಯಂತ್ರದೊಂದಿಗೆ ಚೆನ್ನಾಗಿ ದುಡಿಯಬಲ್ಲವನು ಯಂತ್ರವನ್ನು ಪ್ರಶ್ನಿಸಬಲ್ಲವನು. ಪ್ರಶ್ನಿಸಲು ಸ್ವಂತ ಜ್ಞಾನ ಬೇಕು, ಸಮಯ ಬೇಕು, ಪ್ರಶ್ನಿಸಿದ್ದಕ್ಕೆ ಶಿಕ್ಷೆಯಾಗದೆಂಬ ಧೈರ್ಯ ಬೇಕು. ಇವುಗಳಲ್ಲಿ ಯಾವುದನ್ನೂ ಯಂತ್ರ ಕೊಡಲಾರದು. ಕೊಡಬೇಕಾದವರು ಸಂಸ್ಥೆಯ ಮುಖ್ಯಸ್ಥರು. ಹತ್ತು ನಿಮಿಷದ ಕೆಲಸವನ್ನು ಎರಡು ನಿಮಿಷದಲ್ಲಿ ಮುಗಿಸೆಂದು ಗುರಿ ನಿಗದಿಪಡಿಸಿ, ಜೊತೆಗೆ ‘ಯಂತ್ರದ ಮಾತನ್ನು ಕುರುಡಾಗಿ ಒಪ್ಪಬೇಡ’ ಎಂದು ಗೋಡೆಯ ಮೇಲೆ ಬರೆದು ತೂಗುಹಾಕುವುದು ಪ್ರಾಮಾಣಿಕತೆಯಲ್ಲ. ತಪ್ಪಾದಾಗ ಯಾರ ತಲೆಗೆ ಕಟ್ಟಬೇಕೆಂಬುದಕ್ಕೆ ಮೊದಲೇ ಮಾಡಿಟ್ಟ ಏರ್ಪಾಡು ಅದು.

ಕೈಯಲ್ಲಿದ್ದ ವಿದ್ಯೆ

ಸ್ವಂತ ಜ್ಞಾನದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಇದನ್ನು ಎಚ್ಚರಿಸಿದ್ದರು. ದಿನನಿತ್ಯದ ಕೆಲಸವನ್ನೆಲ್ಲ ಯಂತ್ರಕ್ಕೆ ವಹಿಸಿ, ಅದು ಕೈಕೊಟ್ಟಾಗ ಮಾತ್ರ ಮನುಷ್ಯ ಬರಲಿ ಎನ್ನುತ್ತೇವೆ. ಆದರೆ ದಿನನಿತ್ಯ ಮಾಡದ ಕೆಲಸ ಕೈಮರೆತು ಹೋಗುತ್ತದೆ. ಅತಿ ಕಷ್ಟದ ಗಳಿಗೆಯಲ್ಲಿ ನಾವು ಕರೆಯುವುದು ಅಭ್ಯಾಸ ತಪ್ಪಿದವನನ್ನು. ಈಜು ಮರೆತವನನ್ನು ನೆರೆ ಬಂದ ದಿನ ಹೊಳೆಗಿಳಿಸಿದ ಹಾಗೆ.

ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ನಡೆದು 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಎಚ್ಚರಿಕೆಯನ್ನು ಮತ್ತೆ ನೆನಪಿಸಿತು. ದೊಡ್ಡ ಕರುಳಿನ ಕೊಲೊನೋಸ್ಕೋಪಿ ಪರೀಕ್ಷೆಯಲ್ಲಿ, ಮುಂದೆ ಕ್ಯಾನ್ಸರ್ ಆಗಬಹುದಾದ ಗಡ್ಡೆಗಳನ್ನು ಗುರುತಿಸಲು ಅಲ್ಲಿ ಕೃತಕ ಬುದ್ಧಿಮತ್ತೆ ಬಂತು. ಅದು ಬರುವ ಮೊದಲು ವೈದ್ಯರು ಶೇ. 28.4ರಷ್ಟು ಪರೀಕ್ಷೆಗಳಲ್ಲಿ ಇಂತಹ ಗಡ್ಡೆ ಪತ್ತೆ ಹಚ್ಚುತ್ತಿದ್ದರು. ಬಂದ ಕೆಲವು ತಿಂಗಳ ನಂತರ, ಅದರ ನೆರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಈ ಪ್ರಮಾಣ ಶೇ. 22.4ಕ್ಕೆ ಇಳಿದಿತ್ತು. ಒಂದೇ ಅಧ್ಯಯನದಿಂದ ಅಂತಿಮ ತೀರ್ಮಾನಕ್ಕೆ ಬರಬಾರದು, ನಿಜ. ಆದರೆ ವರ್ಷಗಟ್ಟಲೆ ದುಡಿದು ಸಂಪಾದಿಸಿದ ಕಣ್ಣಿನ ಚುರುಕು ಕೆಲವೇ ತಿಂಗಳಲ್ಲಿ ಮಂಕಾಗಬಹುದೆಂಬ ಶಂಕೆ ಹಗುರವಾದದ್ದಲ್ಲ.

ಕಾರ್ಮಿಕನ ವಿದ್ಯೆ ಕಳೆದುಹೋಗುವುದು ಒಂದು ಕಡೆಯಾದರೆ, ಅದು ಅವನ ಕೈಯಿಂದ ಯಂತ್ರದೊಳಕ್ಕೆ ಹೋಗುವುದು ಇನ್ನೊಂದು ಕಡೆ. ಅರ್ಥಶಾಸ್ತ್ರಜ್ಞರಾದ ಬ್ರಿನ್ಯಾಲ್ಫ್‌ಸನ್, ಲಿ ಮತ್ತು ರೇಮಂಡ್ ಗ್ರಾಹಕ ಸೇವಾ ಕೇಂದ್ರಗಳ ಸುಮಾರು 5 ಸಾವಿರ ನೌಕರರ ಕೆಲಸವನ್ನು ಅಧ್ಯಯನ ಮಾಡಿದ್ದಾರೆ. ಕೃತಕ ಬುದ್ಧಿಮತ್ತೆಯ ಸಲಹೆ ಪಡೆದವರು ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಶೇ. 15ರಷ್ಟು ಹೆಚ್ಚಿದವು. ಹೊಸಬರಿಗೆ ಇದರ ಎರಡು ಪಟ್ಟಿನಷ್ಟು ಲಾಭವಾಯಿತು. ನುರಿತವರಿಗೆ ಹೆಚ್ಚೇನೂ ಆಗಲಿಲ್ಲ. ಕಾರಣ ಸುಲಭವಾಗಿ ಊಹಿಸಬಹುದು. ಯಂತ್ರ ಕಲಿತದ್ದೇ ನುರಿತವರ ಮಾತುಕತೆಗಳಿಂದ. ಅವರ ತಾಳ್ಮೆ, ಅವರ ಮಾತಿನ ಜಾಣ್ಮೆ ಹೊಸಬನ ಪರದೆಯ ಮೇಲೆ ಸಲಹೆಯಾಗಿ ಮೂಡುತ್ತಿತ್ತು.

ಹೊಸಬನಿಗೆ ನೆರವಾದದ್ದು ಸಂತೋಷದ ವಿಷಯವೇ. ಹಿಂದೆಯೂ ಮೇಸ್ತ್ರಿ ಕೆಲಸ ಕಲಿಸುತ್ತಿದ್ದ. ಆದರೆ ಕಲಿಸುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು, ಕಲಿತವನು ಅವನನ್ನು ಗುರುವೆಂದು ನೆನೆಯುತ್ತಿದ್ದ. ಇಲ್ಲಿ ವಿದ್ಯೆ ಹಂಚಿಹೋಗಿದೆ, ವಿದ್ಯಾವಂತನಿಗೆ ಅದಕ್ಕಾಗಿ ಬೇರೆ ಪ್ರತಿಫಲವಿಲ್ಲ. ಇದನ್ನು ಸಹಕಾರವೆಂದು ಕರೆಯುವುದಾದರೆ ಸಹಕರಿಸಿದವನನ್ನು ಕೇಳಬೇಕಿತ್ತಲ್ಲವೇ?

ಯಂತ್ರದ ಸಾಕ್ಷಿ, ಮನುಷ್ಯನ ಸಾಕ್ಷಿ

ಈಗ ಉಳಿದರ್ಧ ಪ್ರಶ್ನೆಗೆ ಬರೋಣ. ಯಂತ್ರವೂ ಕಾರ್ಮಿಕನೂ ಬೇರೆ ಬೇರೆ ಮಾತು ಹೇಳಿದಾಗ ಒಡೆಯ ಯಾರನ್ನು ನಂಬುತ್ತಾನೆ? ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣಕ್ಕಿಂತ ಕಟುವಾದ ಉತ್ತರ ಇನ್ನೊಂದಿಲ್ಲ.

ಅಲ್ಲಿಯ ಊರೂರಿನ ಉಪ ಅಂಚೆ ಕಚೇರಿಗಳಿಗೆ 1999ರಿಂದ ‘ಹೊರೈಜನ್’ ಎಂಬ ಕಂಪ್ಯೂಟರ್ ಲೆಕ್ಕಪತ್ರ ವ್ಯವಸ್ಥೆ ಬಂತು. ಅದು ಕೃತಕ ಬುದ್ಧಿಮತ್ತೆಯೇನಲ್ಲ, ಸಾಧಾರಣ ಸಾಫ್ಟ್‌ವೇರ್. ಅದರಲ್ಲಿದ್ದ ದೋಷಗಳಿಂದಾಗಿ ಇಲ್ಲದ ಕೊರತೆ ಲೆಕ್ಕದಲ್ಲಿ ಕಾಣಿಸಿಕೊಳ್ಳತೊಡಗಿತು. ‘ನಾನು ಹಣ ಮುಟ್ಟಿಲ್ಲ, ಕಂಪ್ಯೂಟರ್ ತಪ್ಪು ತೋರಿಸುತ್ತಿದೆ’ ಎಂದು ಪೋಸ್ಟ್ ಮಾಸ್ಟರ್‌ಗಳು ಹೇಳಿದರು. ಇಂತಹ ದೂರು ನಿಮ್ಮೊಬ್ಬರದೇ ಎಂಬ ಉತ್ತರ ಹಲವರಿಗೆ ಸಿಕ್ಕಿತು. ಎಷ್ಟೋ ಜನ ಮನೆಯ ಉಳಿತಾಯ ತೆಗೆದು, ಸಾಲ ಮಾಡಿ ಇಲ್ಲದ ಕೊರತೆ ತುಂಬಿದರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಯಾಯಿತು. ಕೆಲವರು ಜೈಲು ಸೇರಿದರು. ಅವರಲ್ಲಿ ನಮ್ಮ ಉಪಖಂಡದಿಂದ ಹೋಗಿ ನೆಲೆಸಿದ ಕುಟುಂಬಗಳವರೂ ಇದ್ದರು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತೆಂದು, ವಿರುದ್ಧ ಸಾಕ್ಷ್ಯ ಬರುವವರೆಗೆ, ಭಾವಿಸಿಕೊಳ್ಳುವುದು ಅಲ್ಲಿಯ ಕಾನೂನಿನ ರೂಢಿಯಾಗಿತ್ತು. ಒಳಗಿನ ದಾಖಲೆಗಳೆಲ್ಲ ಎದುರು ಪಕ್ಷದ ಕೈಯಲ್ಲಿದ್ದಾಗ ವಿರುದ್ಧ ಸಾಕ್ಷ್ಯ ತರುವುದು ಒಬ್ಬ ಹಳ್ಳಿಯ ಪೋಸ್ಟ್ ಮಾಸ್ಟರ್‌ಗೆ ಸಾಧ್ಯವೇ?

ಪೋಸ್ಟ್ ಮಾಸ್ಟರ್‌ಗಳು ಒಗ್ಗೂಡಿ ಹೋರಾಡಿದ ಮೇಲೆ 2019ರಲ್ಲಿ ಹೈಕೋರ್ಟು ಆ ವ್ಯವಸ್ಥೆಯಲ್ಲಿ ದೋಷಗಳಿದ್ದವೆಂದು ತೀರ್ಪಿತ್ತಿತು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ 39 ಮಂದಿಯ ಶಿಕ್ಷೆಯನ್ನು ಒಟ್ಟಿಗೆ ರದ್ದುಪಡಿಸಿತು. 2024ರಲ್ಲಿ ಸಂಸತ್ತು ವಿಶೇಷ ಕಾನೂನು ಮಾಡಿ ನೂರಾರು ಜನರನ್ನು ದೋಷಮುಕ್ತಗೊಳಿಸಬೇಕಾಯಿತು. ಅಷ್ಟು ಹೊತ್ತಿಗೆ ಅನೇಕರು ತೀರಿಕೊಂಡಿದ್ದರು. ಈ ನೋವಿನಿಂದ ಕನಿಷ್ಠ 13 ಮಂದಿ ಆತ್ಮಹತ್ಯೆ ಮಾಡಿಕೊಂಡಿರಬಹುದೆಂದು ವಿಚಾರಣಾ ಆಯೋಗದ 2025ರ ವರದಿ ಹೇಳಿತು.

ಇಲ್ಲಿ ತಪ್ಪಿದ್ದೆಲ್ಲಿ? ಸಾಫ್ಟ್‌ವೇರ್‌ನಲ್ಲಿ ದೋಷವಿತ್ತು ಎಂದರೆ ಉತ್ತರ ಪೂರ್ಣವಾಗದು. ದೋಷವಿಲ್ಲದ ಯಂತ್ರ ಎಲ್ಲಿದೆ? ಹತ್ತಿಪ್ಪತ್ತು ವರ್ಷ ಊರಿನವರ ಪಿಂಚಣಿ, ಉಳಿತಾಯದ ಹಣವನ್ನು ಪ್ರಾಮಾಣಿಕವಾಗಿ ನಿಭಾಯಿಸಿದವರ ಮಾತಿಗೆ ಒಂದೇ ದಿನದಲ್ಲಿ ಬೆಲೆ ಇಲ್ಲವಾದದ್ದೇ ನಿಜವಾದ ತಪ್ಪು. ನೂರಾರು ಮಂದಿ ಒಂದೇ ಬಗೆಯ ದೂರು ಹೇಳುತ್ತಿದ್ದಾಗ ಯಂತ್ರ ಕೆಟ್ಟಿರಬಹುದೆಂದು ಅನುಮಾನಿಸುವುದಕ್ಕಿಂತ ಇಷ್ಟೂ ಜನ ಕಳ್ಳರೆಂದು ನಂಬುವುದು ಮೇಲಿನವರಿಗೆ ಸುಲಭವಾಗಿ ಕಂಡಿತು. ಸಾಧಾರಣ ಲೆಕ್ಕದ ಸಾಫ್ಟ್‌ವೇರ್ ಇಷ್ಟು ಮಾಡಬಲ್ಲುದಾದರೆ, ತಯಾರಿಸಿದವರೇ ಪೂರ್ತಿ ವಿವರಿಸಲಾಗದ ಯಂತ್ರದ ಮಾತು ಸಾಕ್ಷಿಯಾದಾಗ ಏನಾದೀತು?

ಅಮಾನತ್ ಮತ್ತು ಅಮಾನತು

ಅರಬಿ ಮೂಲದ ‘ಅಮಾನತ್’ ಎಂಬ ಪದಕ್ಕೆ ನಂಬಿ ಒಪ್ಪಿಸಿದ್ದು, ಕಾಪಾಡಿ ಹಿಂದಿರುಗಿಸಬೇಕಾದದ್ದು ಎಂದು ಅರ್ಥ. ಉರ್ದು ಮಾತನಾಡುವ ಮನೆಗಳಲ್ಲಿ ಇಂದಿಗೂ ಅದೇ ಅರ್ಥದಲ್ಲಿ ಬಳಕೆಯಲ್ಲಿದೆ. ಈ ಪದ ಕನ್ನಡಕ್ಕೂ ಬಂತು. ಕಚೇರಿಗಳ ಭಾಷೆಯಲ್ಲಿ ಅದರ ಅರ್ಥ ಬದಲಾಗುತ್ತಾ ಹೋಗಿ, ಇಂದು ‘ನೌಕರ ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು. ನಂಬಿಕೆಯ ಪದವೇ ನಂಬಿಕೆ ಕಳೆದುಕೊಂಡವನಿಗೆ ಅಂಟಿಕೊಂಡಿತು.

ಆದರೆ ಅಮಾನತಿಗೂ ಒಂದು ಕ್ರಮವಿದೆ. ಆದೇಶದ ಕಾಗದ, ಸಹಿ ಮಾಡಿದ ಅಧಿಕಾರಿ, ವಿಚಾರಣೆ, ಉತ್ತರಿಸಲು ಅವಕಾಶ. ಆ್ಯಪ್ ಆಧಾರಿತ ಕೆಲಸಗಳಲ್ಲಿ ಅದೂ ಇಲ್ಲ. ಊಟ ತಲುಪಿಸುವ, ಆಟೋ ಟ್ಯಾಕ್ಸಿ ಓಡಿಸುವ ಕಾರ್ಮಿಕನಿಗೆ ಯಾವ ಆರ್ಡರ್ ಬರಬೇಕು, ಎಷ್ಟು ಹಣ ಸಿಗಬೇಕು ಎಂಬುದನ್ನು ಕಂಪ್ಯೂಟರ್ ಲೆಕ್ಕಾಚಾರವೇ ನಿರ್ಧರಿಸುತ್ತದೆ. ಒಂದು ಬೆಳಿಗ್ಗೆ ಫೋನ್ ತೆರೆದಾಗ ಐಡಿ ಬ್ಲಾಕ್ ಆಗಿದ್ದರೆ ಕಾರಣ ಯಾರನ್ನು ಕೇಳಬೇಕು? ಸಹಾಯವಾಣಿಯಲ್ಲಿ ಉತ್ತರಿಸುವುದೂ ಇನ್ನೊಂದು ಯಂತ್ರವೇ.

ಹಾಲೆಂಡಿನ ಆಮ್ಸ್‌ಟರ್‌ಡ್ಯಾಮ್ ಮೇಲ್ಮನವಿ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಉಬರ್ ಚಾಲಕರ ಪ್ರಕರಣದಲ್ಲಿ ಈ ಪ್ರಶ್ನೆಯನ್ನು ಎದುರಿಸಿತು. ವಂಚನೆಯ ಆರೋಪದಲ್ಲಿ ಕೆಲವರ ಖಾತೆ ಮುಚ್ಚಲಾಗಿತ್ತು. ನಿರ್ಧಾರದಲ್ಲಿ ಮನುಷ್ಯರೂ ಇದ್ದರೆಂದು ಕಂಪನಿ ವಾದಿಸಿತು. ಆ ಮನುಷ್ಯರ ಪಾತ್ರ ಸಾಂಕೇತಿಕಕ್ಕಿಂತ ಹೆಚ್ಚಿನದೆಂದು ಸಾಬೀತಾಗಿಲ್ಲ ಎಂದು ನ್ಯಾಯಾಲಯ ಹೇಳಿತು. ಈ ಮಾತನ್ನು ನಾವು ನೆನಪಿಟ್ಟುಕೊಳ್ಳಬೇಕು. ಯಂತ್ರದ ಪಕ್ಕ ಒಬ್ಬನನ್ನು ಕೂರಿಸಿ ಅದು ಹೇಳಿದ್ದಕ್ಕೆಲ್ಲ ಅವನಿಂದ ಗುಂಡಿ ಒತ್ತಿಸಿದರೆ ನಿರ್ಧಾರ ಮಾನವೀಯವಾಗುವುದಿಲ್ಲ.

ನಮ್ಮ ರಾಜ್ಯದಲ್ಲೂ ಇತ್ತೀಚೆಗೆ ಒಂದು ಹೆಜ್ಜೆ ಇಡಲಾಗಿದೆ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ, ಲಿಖಿತ ಕಾರಣ ಮತ್ತು 14 ದಿನಗಳ ಮುಂಗಡ ನೋಟಿಸ್ ಇಲ್ಲದೆ ಸಾಮಾನ್ಯವಾಗಿ ಕಾರ್ಮಿಕನನ್ನು ತೆಗೆದುಹಾಕುವಂತಿಲ್ಲ. ಅವನ ಕೆಲಸವನ್ನು ನಿಯಂತ್ರಿಸುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆಯೂ ಮಾಹಿತಿ ಕೊಡಬೇಕು. ಕಾನೂನು ಕಾಗದದಲ್ಲಿ ಉಳಿಯದೆ ಜಾರಿಯಾಗಬೇಕಾದದ್ದು ಮುಂದಿನ ಮಾತು. ಆದರೆ ಕಾರಣ ಕೇಳುವ ಹಕ್ಕು ಕಾರ್ಮಿಕನದು, ಕಾರಣ ಹೇಳುವ ಹೊಣೆ ಮನುಷ್ಯನದು ಎಂಬ ತತ್ವ ಒಪ್ಪಿತವಾದದ್ದು ಸಣ್ಣ ವಿಷಯವಲ್ಲ.

ಸರಕಾರಗಳೂ ಈ ಪ್ರಶ್ನೆಯಿಂದ ಹೊರಗಿಲ್ಲ. ಅಂಗನವಾಡಿಗಳಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ದೇಶದಾದ್ಯಂತ 2025ರ ಜುಲೈ 1ರಿಂದ ಮುಖಚಹರೆ ಗುರುತಿಸುವಿಕೆಯನ್ನು ಕಡ್ಡಾಯಗೊಳಿಸಲಾಯಿತು. ಸೋರಿಕೆ ತಡೆಯುವ ಉದ್ದೇಶ ತಪ್ಪಲ್ಲ, ಬಡವರ ಪಾಲು ಕದಿಯುವವರು ಇಲ್ಲವೆಂದೂ ಹೇಳಲಾಗದು. ಆದರೆ ಅಂಗನವಾಡಿ ಕಾರ್ಯಕರ್ತೆಗೆ ಆ ಬೀದಿಯ ಬಸುರಿ ಬಾಣಂತಿಯರೆಲ್ಲ ಹೆಸರು ಹಿಡಿದು ಗೊತ್ತು. ಯಾವ ಮಗು ಸೊರಗಿದೆ ಎಂಬುದೂ ಗೊತ್ತು. ಎದುರಿಗೆ ನಿಂತ ತಾಯಿಯನ್ನು ‘ಇವಳು ಅವಳೇ’ ಎಂದು ಹೇಳುವ ಅವಳ ಮಾತಿಗಿಂತ ಫೋನಿನ ಕ್ಯಾಮೆರಾದ ಮಾತು ಮೇಲಾದರೆ, ಹಿಂದಿರುಗಿ ಹೋಗುವ ತಾಯಿಯ ನಿಟ್ಟುಸಿರನ್ನು ಕೇಳಬೇಕಾದವಳು ಮಾತ್ರ ಅವಳೇ. ಅಧಿಕಾರ ಯಂತ್ರಕ್ಕೆ, ಉತ್ತರದಾಯಿತ್ವ ಕಾರ್ಯಕರ್ತೆಗೆ. ಇದು ಯಾವ ನ್ಯಾಯ?

ಮನುಷ್ಯನೂ ತಪ್ಪುತ್ತಾನೆ

ಇಷ್ಟಾದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಮನುಷ್ಯನೇನು ಸತ್ಯಸಂಧನೇ? ಮೇಲಧಿಕಾರಿ ಜಾತಿ ನೋಡುತ್ತಾನೆ, ಧರ್ಮ ನೋಡುತ್ತಾನೆ, ಅರ್ಜಿಯಲ್ಲಿರುವ ಹೆಸರು ನೋಡಿಯೇ ಬದಿಗೆಸೆಯುತ್ತಾನೆ. ಯಂತ್ರಕ್ಕೆ ಇಂತಹ ಪಕ್ಷಪಾತವಿಲ್ಲ, ದಣಿವಿಲ್ಲ, ಲಂಚ ಬೇಕಿಲ್ಲ. ಹಾಗಿರುವಾಗ ನಿರ್ಧಾರವನ್ನು ಅದಕ್ಕೇ ಬಿಟ್ಟರೆ ದುರ್ಬಲರಿಗೆ ಹೆಚ್ಚು ನ್ಯಾಯ ಸಿಗದೇ?

ಈ ಮಾತಿನಲ್ಲಿ ತೂಕವಿದೆ. ಹೆಸರಿನ ಕಾರಣಕ್ಕೆ ಬಾಗಿಲು ಮುಚ್ಚಿಸಿಕೊಂಡವನಿಗೆ ‘ಮಾನವೀಯ ಸ್ಪರ್ಶ’ದ ಹೊಗಳಿಕೆ ಅಪಹಾಸ್ಯವಾಗಿ ಕೇಳಿಸೀತು. ಆದರೆ ಯಂತ್ರ ಕಲಿಯುವುದು ಎಲ್ಲಿಂದ? ಅದೇ ಮೇಲಧಿಕಾರಿಗಳ ಹಳೆಯ ನಿರ್ಧಾರಗಳಿಂದ. ಅಮೆಜಾನ್ ಕಂಪನಿ 2014ರಿಂದ ಉದ್ಯೋಗದ ಅರ್ಜಿಗಳನ್ನು ಜರಡಿ ಹಿಡಿಯುವ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿತ್ತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳಲ್ಲಿ ಹೆಚ್ಚಿನವು ಗಂಡಸರದಾಗಿದ್ದವು. ಯಂತ್ರ ಅದನ್ನೇ ಯೋಗ್ಯತೆಯ ಗುರುತೆಂದು ಕಲಿತು ಮಹಿಳೆಯರ ಅರ್ಜಿಗಳಿಗೆ ಕಡಿಮೆ ಅಂಕ ಕೊಡತೊಡಗಿತು. ಕಂಪನಿ ಆ ಯೋಜನೆಯನ್ನು ಕೈಬಿಟ್ಟದ್ದು 2018ರಲ್ಲಿ ಬೆಳಕಿಗೆ ಬಂತು. ಪಕ್ಷಪಾತ ಮಾಡುವ ಅಧಿಕಾರಿಯನ್ನು ಹೆಸರು ಹಿಡಿದು ಪ್ರಶ್ನಿಸಬಹುದು, ನ್ಯಾಯಾಲಯಕ್ಕೆ ಎಳೆಯಬಹುದು, ಅವನ ಆತ್ಮಸಾಕ್ಷಿಯನ್ನು ತಟ್ಟಿ ಎಬ್ಬಿಸಲೂಬಹುದು. ಅದೇ ಪಕ್ಷಪಾತ ಯಂತ್ರದೊಳಗೆ ಸೇರಿದಾಗ ಅದಕ್ಕೆ ವಿಜ್ಞಾನದ ಮುಖವಾಡ ಸಿಗುತ್ತದೆ. ಹಾಗಾಗಿ ಮನುಷ್ಯನ ದೋಷಕ್ಕೆ ಯಂತ್ರ ಮದ್ದಾಗಬೇಕಾದರೆ ಅದರ ಮೇಲೂ ಮನುಷ್ಯರ ತಪಾಸಣೆ ಇರಬೇಕು. ತಪಾಸಣೆಗೆ ಒಪ್ಪದ ಯಂತ್ರ ಎಷ್ಟೇ ಜಾಣವಾಗಿದ್ದರೂ ನೆಚ್ಚಿಕೆಗೆ ಅರ್ಹವಲ್ಲ.

ಇಲ್ಲಿ ಕಾರ್ಮಿಕನ ಕರ್ತವ್ಯವನ್ನೂ ಮರೆಯುವಂತಿಲ್ಲ. ‘ಕಂಪ್ಯೂಟರ್ ಹಾಗೆ ಹೇಳುತ್ತಿದೆ, ನಾನೇನು ಮಾಡಲಿ?’ ಎಂಬ ಮಾತು ನಮ್ಮ ಬ್ಯಾಂಕು, ಆಸ್ಪತ್ರೆ, ಸರಕಾರಿ ಕಚೇರಿಗಳ ಕೌಂಟರಿನಲ್ಲಿ ಈಗಾಗಲೇ ಕೇಳಿಬರುತ್ತಿದೆ. ಕೆಲವೊಮ್ಮೆ ಅದು ಅಸಹಾಯಕತೆ. ಎಷ್ಟೋ ಸಲ ಅದು ನುಣುಚಿಕೊಳ್ಳುವ ದಾರಿ. ಒಬ್ಬ ವೈದ್ಯೆಯ, ಶಿಕ್ಷಕನ, ಗುಮಾಸ್ತನ ವಿವೇಚನೆ ಅವರ ಬಳಿಗೆ ಬಂದವರು ನಂಬಿ ಒಪ್ಪಿಸಿದ ಅಮಾನತ್. ಯಂತ್ರದ ನೆರವು ಪಡೆಯಬಹುದು, ಆದರೆ ಆ ಅಮಾನತ್ತನ್ನೇ ಯಂತ್ರಕ್ಕೆ ದಾಟಿಸಿ ಕೈತೊಳೆದುಕೊಳ್ಳುವಂತಿಲ್ಲ. ರೋಗಿ ಬಂದದ್ದು ವೈದ್ಯರನ್ನು ನಂಬಿ. ಯಂತ್ರ ಹೇಳಿದ್ದನ್ನು ಓದಿ ಹೇಳುವವರನ್ನು ಹುಡುಕಿಕೊಂಡು ಅವನು ಬಂದಿಲ್ಲ.

ಹಾಗಾದರೆ ಕಾರ್ಮಿಕನೂ ಯಂತ್ರವೂ ಜೊತೆಯಾಗಿ ದುಡಿಯುವ ಕಡೆ ನ್ಯಾಯವಿದೆಯೇ ಎಂದು ತಿಳಿಯುವುದು ಹೇಗೆ? ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಯಂತ್ರದ ಮಾತನ್ನು ಪರಿಶೀಲಿಸಲು ಅವನಿಗೆ ಸಮಯ ಕೊಡಲಾಗಿದೆಯೇ? ‘ಇದು ತಪ್ಪು’ ಎಂದರೆ ಕೇಳುವ ಕಿವಿಗಳಿವೆಯೇ, ಅಥವಾ ಹಾಗೆಂದವನ ಅಂಕ ಕಡಿತವಾಗುತ್ತದೆಯೇ? ಅವನ ವಿರುದ್ಧ ನಿರ್ಧಾರವಾದಾಗ ಕಾರಣ ತಿಳಿಸಿ ಹೊಣೆ ಹೊರುವ ಒಬ್ಬ ಮನುಷ್ಯನಿದ್ದಾನೆಯೇ? ಅವನ ಜ್ಞಾನದಿಂದ ಯಂತ್ರ ಕಲಿತಿದ್ದರೆ ಅದರ ಲಾಭದಲ್ಲಿ ಅವನಿಗೆ ಪಾಲಿದೆಯೇ?

ಈ ನಾಲ್ಕಕ್ಕೂ ಹೌದೆಂಬ ಉತ್ತರವಿರುವ ಕಡೆ ಯಂತ್ರದ ಬಗ್ಗೆ ಕಾರ್ಮಿಕನಿಗೆ ಉಪದೇಶ ಬೇಕಾಗಿಲ್ಲ. ಒಳ್ಳೆಯ ಉಪಕರಣವನ್ನು ದುಡಿಯುವವನು ಯಾವ ಕಾಲದಲ್ಲೂ ದೂರವಿಟ್ಟಿಲ್ಲ. ಅಲ್ಲವೆಂಬ ಉತ್ತರವಿರುವ ಕಡೆ ‘ನಂಬಿಕೆ ಬೆಳೆಸುವ’ ತರಬೇತಿ ಎಷ್ಟು ಕೊಟ್ಟರೂ ಅದು ಒಪ್ಪಿಸುವ ಪ್ರಯತ್ನವಾಗುತ್ತದೆಯೇ ಹೊರತು ನಂಬಿಕೆಯಾಗುವುದಿಲ್ಲ. ಸಂಶೋಧಕರ ಪ್ರಶ್ನಾವಳಿಗಳಲ್ಲಿ ‘ನೀವು ಕೃತಕ ಬುದ್ಧಿಮತ್ತೆಯನ್ನು ಎಷ್ಟು ನಂಬುತ್ತೀರಿ?’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅದರ ಕೆಳಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸುವುದು ಒಳ್ಳೆಯದು: ‘ಅದು ಒಂದು ಹೇಳಿ ನೀವು ಇನ್ನೊಂದು ಹೇಳಿದ ದಿನ, ನಿಮ್ಮ ಮಾತನ್ನು ನಂಬುವವರು ನಿಮ್ಮ ಸಂಸ್ಥೆಯಲ್ಲಿ ಯಾರಾದರೂ ಇದ್ದಾರೆಯೇ?’